ಬಲಗೆನ್ನೆಯ ಬಕ್ಕಲ್

ಈ ಸಲದ ಮಳೆಗಾಲದಲ್ಲಿ ನವಿ ಮುಂಬೈಯ ಸೀವುಡ್ಸ್‌ನ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದೆ. ಒಂದು ಬೆಳಿಗ್ಗೆ ಅಳಿಯ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕಪಾಟಿನಿಂದ ಬೆಲ್ಟ್ ತೆಗೆದರೆ ಅದರ ಮೈತುಂಬ ಬಿಳಿ ಬೂಸ್ಟು. ಅದನ್ನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದರು. ನಾನು ಕೈಚಾಚಿ ತೆಗೆದುಕೊಂಡೆ. ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಹರವಿ, ಅಂಗೈಯಲ್ಲಿ ನಾಲ್ಕು ಹನಿ ಎಳ್ಳೆಣ್ಣೆ ಹಾಕಿಕೊಂಡು ತಿಕ್ಕಿದೆ. ಮೊದಲು ಒಳಮೈ, ಆಮೇಲೆ ಹೊರಮೈ. ಕೈಯ ಬಿಸಿಗೆ ಚರ್ಮದ ವಾಸನೆ ಮೆಲ್ಲಗೆ ಎದ್ದಿತು.

"ಆಯಿ, ಇದೆಲ್ಲ ನಿಮಗೆ ಯಾರು ಕಲಿಸಿದ್ದು?" ಎಂದು ಅಳಿಯ ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅಡುಗೆಮನೆಯಿಂದ, "ಮಮ್ಮಿ ಘೋಡೇ ಕಾ ಸಾಮಾನ್ ಬನಾತೀ ಥೀ" ಎಂದಳು. ಅತ್ತೆ ಕುದುರೆಯ ಸಾಮಾನು ಮಾಡುತ್ತಿದ್ದರು ಅನ್ನುವುದನ್ನು ಅಳಿಯ ತಮಾಷೆಯೆಂದುಕೊಂಡು ನಕ್ಕು, ಬೆಲ್ಟ್ ಕಟ್ಟಿಕೊಂಡು ಹೋದರು. ನಾನು ಅಂಗೈ ತೊಳೆಯದೆ ಸ್ವಲ್ಪ ಹೊತ್ತು ಹಾಗೇ ಕೂತೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾವು ಮುಂಬೈಯ ಹೊರವಲಯದ ದಿವಾದಲ್ಲಿದ್ದೆವು. ಹತ್ತಡಿ ಹನ್ನೆರಡಡಿಯ ಒಂದು ಖೋಲಿ, ಬಾಗಿಲಿಗೆ ಎದುರಾಗಿ ದೇವರ ಹಲಗೆ, ಅದರ ಮೇಲೆ ಊರಿನಿಂದ ತಂದ ಅಮ್ಮನವರ ಪಟ. ನಮ್ಮವರು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಭಟ್ಟಿಯ ಮುಂದೆ ನಿಲ್ಲುತ್ತಿದ್ದರು. ಮಗಳಿಗೆ ನಾಲ್ಕು ವರ್ಷ. ಮನೆಯ ಯಜಮಾನಿಕೆ ಅತ್ತೆಯದು. ನಲ್ಲಿಯಲ್ಲಿ ಬೆಳಿಗ್ಗೆ ಐದಕ್ಕೆ ನೀರು ಬಂದರೆ ಅದು ದೇವರ ದಯೆ, ಆರರವರೆಗೆ ನಿಂತರೆ ಎರಡು ದಯೆ. ಹೀಗೆ ಲೆಕ್ಕ ಹಿಡಿಯುವುದು ನನಗೆ ಆಗಿನಿಂದಲೇ ರೂಢಿ.

ನಾನು ಮನೆಯಲ್ಲಿ ಸೀರೆಗಳಿಗೆ ಗೊಂಡೆ ಕಟ್ಟಿಕೊಡುತ್ತಿದ್ದೆ. ಜೂನ್ ತಿಂಗಳ ಒಂದು ಮಧ್ಯಾಹ್ನ ದಾರ ತರಲು ಕಲ್ಯಾಣಕ್ಕೆ ಹೊರಟಿದ್ದೆ. ಲೋಕಲ್ ರೈಲಿನ ಹೆಂಗಸರ ಡಬ್ಬದಲ್ಲಿ ಕೂರಲು ಜಾಗ ಸಿಕ್ಕಿತು. ಒಂದು ದಯೆ. ಸಿಕ್ಕಿದ್ದೇ ತಡ, ಚೀಲದಿಂದ ಸೀರೆಯ ಸೆರಗು ತೆಗೆದು ಗೊಂಡೆ ಕಟ್ಟತೊಡಗಿದೆ. ಎದುರಿಗೆ ಕೂತಿದ್ದ ಇಳಕಲ್ ಸೀರೆಯ ಹೆಂಗಸು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಡೊಂಬಿವಲಿ ಬರುವವರೆಗೂ ನೋಡಿದಳು. ಆಮೇಲೆ ಕೇಳಿದಳು:

"ಕನ್ನಡ ಬರ್ತೈತೇನ ತಂಗಿ?"

"ಬರ್ತದೆ. ಎಂತ?"

"ಓ, ಉಡುಪಿ ಕಡಿಯಾಕಿ. ಅಲ್ಲವಾ, ಇಷ್ಟ ಛಂದ ಗೊಂಡೆ ಸೀರೀಗೆ ಯಾಕ ಕಟ್ತಿ, ಕುದರೀಗೆ ಕಟ್ಟು. ನಾ ಜೀನದ ಕೆಲಸ ಮಾಡಾಕಿ. ಕುದರಿ ಜೀನ."

ನನಗೆ ಕೇಳಿಸಿದ್ದು ಜೇನು. ನಮ್ಮ ಕಡೆ ಕುದುರೆ ಎಲ್ಲಿಂದ ಬರಬೇಕು? ಅದರ ಬೆನ್ನಿನ ಮೇಲೆ ಹಾಕುವುದಕ್ಕೆ ಜೀನು ಅನ್ನುತ್ತಾರೆಂದು ನಾನು ಯಾರ ಬಾಯಲ್ಲೂ ಕೇಳಿದವಳೇ ಅಲ್ಲ. "ಕುದುರೆ ಜೇನು ತಿನ್ತದಾ?" ಎಂದುಬಿಟ್ಟೆ.

ಆಕೆ ನಕ್ಕ ನಗುವಿಗೆ ಬಾಗಿಲಲ್ಲಿ ನೇತಾಡುತ್ತಿದ್ದ ಹೆಂಗಸರೂ ತಿರುಗಿ ನೋಡಿದರು. ಕಲ್ಯಾಣದಲ್ಲಿ ಇಳಿದಾಗ ಕೈಹಿಡಿದು ಕರೆದುಕೊಂಡು ಹೋದಳು. ಅವಳೇ ರೇವಕ್ಕ, ಬಿಜಾಪುರದವಳು.

ಟಾಂಗಾ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಒಂದು ಕುದುರೆಲಾಯ. ಅದರ ಗೋಡೆಗೆ ಒತ್ತಿಕೊಂಡು ತಗಡಿನ ಒಂದು ಕೋಣೆ, ಅದೇ ರೇವಕ್ಕನ ಮನೆ ಮತ್ತು ಕಾರ್ಖಾನೆ. ಗಂಡನಿಂದ ಕಲಿತ ಕೆಲಸವನ್ನು ಅವನು ಹೋದಮೇಲೂ ಹನ್ನೊಂದು ವರ್ಷದಿಂದ ಒಬ್ಬಳೇ ನಡೆಸಿದ್ದಳು. ಮದುವೆ ಮೆರವಣಿಗೆಯ ಕುದುರೆಗೆ ಮುಖದ ಪಟ್ಟಿ, ಎದೆಪಟ್ಟಿ, ಬಾಲದ ಪಟ್ಟಿ. ಅದರ ಮೇಲೆ ಹಿತ್ತಾಳೆ ಮೊಳೆ, ಕವಡೆ, ಗೊಂಡೆ. ಲಾಯದ ಯಜಮಾನ ಉಸ್ಮಾನ್ ಚಾಚಾನ ನಾಲ್ಕು ಕುದುರೆಗಳ ಅಲಂಕಾರವೆಲ್ಲ ಅವಳ ಕೈಯದೇ. ಮಳೆಗಾಲದಲ್ಲಿ ಮದುವೆಗಳಿಲ್ಲ, ಬಿಚ್ಚಿಟ್ಟ ಸಾಮಾನಿಗೆಲ್ಲ ಬೂಸ್ಟು ಹಿಡಿಯುತ್ತದೆ, ರಿಪೇರಿಯ ಕಾಲ ಅದು.

ಅಂದು ಅವಳು ಚಹಾ ಮಾಡಿ ಲೋಟ ಮುಂದಿಟ್ಟಳು. ಸುತ್ತಲೂ ಚರ್ಮದ ತುಂಡುಗಳು. ನಾನು ಒಂದು ಕ್ಷಣ ತಡೆದೆ. ಒಂದೇ ಕ್ಷಣ, ಆದರೆ ಅವಳ ಕಣ್ಣಿಗೆ ಬಿತ್ತು.

"ಕುಡೀತಿಯೋ, ಮನೀಗೆ ಹೋಗಿ ಅತ್ತೀನ್ನ ಕೇಳ್ಕೊಂಡ ಬಂದು ಕುಡೀತಿಯೋ?" ಎಂದಳು.

ನಾಚಿಕೆಯಾಯಿತು. ಕುಡಿದೆ. ಶುಂಠಿ ಜಜ್ಜಿ ಹಾಕಿದ ಒಳ್ಳೆಯ ಚಹಾ.

ಆಗ ಅವಳು ತನ್ನ ಬಲಗೈ ತೋರಿಸಿದಳು. ಹೆಬ್ಬೆರಳ ಬುಡ ಊದಿ ಗಂಟಾಗಿತ್ತು. ದಾರ ಎಳೆದರೆ ಕಣ್ಣಲ್ಲಿ ನೀರು ಬರುತ್ತದೆ, ಹೊಲಿಗೆಗೆ ಇನ್ನೊಂದು ಜೊತೆ ಕೈ ಬೇಕು, ಕಲಿಸುತ್ತೇನೆ, ಬರುತ್ತೀಯಾ ಎಂದು ಕೇಳಿದಳು. ನಾನು ಬರುತ್ತೇನೆ ಎಂದೆ. ಯಾಕೆ ಅಷ್ಟು ಬೇಗ ಒಪ್ಪಿದೆ ಎಂದು ಈಗಲೂ ಯೋಚಿಸುತ್ತೇನೆ. ನನ್ನ ಕೈ ಒಳ್ಳೆಯ ಕೈ ಎಂಬುದು ನನಗೆ ಗೊತ್ತಿತ್ತು, ಅದಕ್ಕೆ ಸೀರೆಯ ಸೆರಗಿಗಿಂತ ಗಟ್ಟಿಯಾದದ್ದು ಏನಾದರೂ ಬೇಕಿತ್ತು, ಅಷ್ಟೇ.

ಅತ್ತೆಗೆ ಹೇಳುವುದೇ ಕಷ್ಟವಾದದ್ದು. ಅವರು ಜಪಮಾಲೆ ಕೆಳಗಿಟ್ಟು ಕೇಳಿಸಿಕೊಂಡರು.

"ಚರ್ಮದ ಕೆಲಸವಾ? ನಮ್ಮ ಮನೆಯಲ್ಲಿ ಯಾರು ಮಾಡಿದ್ದಾರೆ ಅದನ್ನು?"

"ಯಾರೂ ಮಾಡಲಿಲ್ಲ ಅತ್ತೆ. ಚೆಂಡೆಗೆ ಹಾಕುದು ಕೂಡ ಚರ್ಮವೇ ಅಲ್ವಾ? ದೇವರ ಎದುರೇ ಬಡೀತಾರೆ."

"ಬಡಿಯುವವರು ಬಡೀತಾರೆ. ನಾನು ಬಡೀಲಿಕ್ಕೆ ಹೋಗಿದ್ದೇನಾ?"

ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡು ದಿನ ಕಳೆದ ಮೇಲೆ ಅತ್ತೆ ತೀರ್ಪು ಕೊಟ್ಟರು. ಗೊಂಡೆ, ಕವಡೆ ಮನೆಗೆ ತರಬಹುದು, ಚರ್ಮ ಹೊಸಿಲು ದಾಟಬಾರದು, ಬಂದಕೂಡಲೇ ಸ್ನಾನ. ಹೋಗುವುದು ತುಳಸಿ ಪೂಜೆಯವರೆಗೆ ಮಾತ್ರ, ಆಮೇಲೆ ನಿಲ್ಲಿಸಬೇಕು. ಮಗುವನ್ನು ಅಲ್ಲಿಯವರೆಗೆ ಅವರು ನೋಡಿಕೊಳ್ಳುತ್ತಾರೆ. ನನಗೆ ಅದು ಐದು ತಿಂಗಳ ವರವಾಗಿಯೇ ಕಂಡಿತು.

ಮೊದಲ ತಿಂಗಳು ರೇವಕ್ಕ ನನಗೆ ಒಂದು ಪಟ್ಟಿಯನ್ನೂ ಕೊಡಲಿಲ್ಲ. ಬಿಸಾಡುವ ತುಂಡುಗಳ ಮೇಲೆ ತೂತು ಹಾಕಬೇಕು, ಅಷ್ಟೇ. ತೂತು ಹಾಕುವ ಮೊನಚಾದ ಸಲಕರಣೆಗೆ ಆರಿ ಅನ್ನುತ್ತಾರೆ. ಅದನ್ನು ಓರೆಯಾಗಿ ಹಿಡಿದರೆ ಹಿಂದೆ ತೂತು ಬೇರೆ ಕಡೆ ಬರುತ್ತದೆ. ನೇರ ಹಿಡಿದು, ಒಂದೇ ಒತ್ತಿಗೆ ದಾಟಿಸಬೇಕು. ನಾನು ಹತ್ತು ಹಾಕಿದರೆ ಅವಳು ತುಂಡನ್ನು ತಿರುಗಿಸಿ ಹಿಂಬದಿಯನ್ನು ಮಾತ್ರ ನೋಡುತ್ತಿದ್ದಳು.

"ಮುಂದಿಂದು ಯಾರ್ ಬೇಕಾದ್ರೂ ಛಂದ ಮಾಡ್ತಾರ. ಕುದರಿ ಮೈಗೆ ಹತ್ತೂದು ಹಿಂದಿಂದು."

ಆಮೇಲೆ ಹೊಲಿಗೆ. ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಎದುರುಬದುರಾಗಿ ದಾಟಬೇಕು, ಎರಡೂ ಕೈ ಒಟ್ಟಿಗೆ ಎಳೆಯಬೇಕು. ಮೇಣ ತಿಕ್ಕಿದ ದಾರ ಕಿರುಬೆರಳನ್ನು ಕೊಯ್ಯುತ್ತಿತ್ತು. ರಾತ್ರಿ ಮೀನುಸಾರಿಗೆ ಅನ್ನ ಕಲಸಿದರೆ ಉರಿಗೆ ಜೀವ ಹೋಗುತ್ತಿತ್ತು. ನಾನು ಚಮಚದಲ್ಲಿ ತಿನ್ನುವುದನ್ನು ನೋಡಿ ಅತ್ತೆ, "ದೊಡ್ಡ ಆಫೀಸರು" ಎಂದರು. ಮರುದಿನ ಬೆಳಿಗ್ಗೆ ನನ್ನ ದಿಂಬಿನ ಪಕ್ಕ ಅರಿಶಿನ ಕಲಸಿದ ಬೆಣ್ಣೆಯ ಬಟ್ಟಲಿತ್ತು. ಇಟ್ಟವರು ಯಾರೆಂದು ನಾನೂ ಕೇಳಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ನನ್ನ ಹೊಲಿಗೆಯನ್ನು ರೇವಕ್ಕ ತಿರುಗಿಸಿ ನೋಡುವುದನ್ನು ಬಿಟ್ಟಳು. ಹೊಗಳಿಕೆ ಅಂದರೆ ಅವಳಲ್ಲಿ ಅಷ್ಟೇ. ಹಳೆಯ ಪಟ್ಟಿಗಳೆಲ್ಲ ಒಂದೊಂದಾಗಿ ನನ್ನ ಕೈಗೆ ಬರತೊಡಗಿದವು. ಅಂಚನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡುವುದು, ಬಿದ್ದ ಕವಡೆಯ ಜಾಗದಲ್ಲಿ ಹೊಸದನ್ನು ಕೂರಿಸುವುದು ಎಲ್ಲವೂ ಬಂತು. ಒಂದನ್ನು ಮಾತ್ರ ಅವಳು ಕೊಡಲಿಲ್ಲ: ರಾಪಿ. ಅರ್ಧಚಂದ್ರದಂಥ ಆ ಕತ್ತಿಯಿಂದ ಚರ್ಮ ಕತ್ತರಿಸುವುದು ಅವಳದೇ ಕೆಲಸ. ನಾನು ಕೈ ಚಾಚಿದರೆ, "ಇನ್ನೂ ಇಲ್ಲ" ಎನ್ನುತ್ತಿದ್ದಳು.

ನವರಾತ್ರಿಯಲ್ಲಿ ಚಾಚಾ ಒಂದು ಬಿಳಿ ಹೆಣ್ಣು ಕುದುರೆ ತಂದರು, ಹೆಸರು ಚಾಂದನಿ. ತುಳಸಿ ಲಗ್ನ, ಅಂದರೆ ನಮ್ಮ ತುಳಸಿ ಪೂಜೆ, ಮುಗಿದಕೂಡಲೇ ಮದುವೆಗಳು ಶುರು, ಮೊದಲ ಮೆರವಣಿಗೆಗೇ ಅವಳು ಬೇಕು, ಹೊಸ ಮುಖಪಟ್ಟಿ ಬೇಕು. ಬಾಗಿಲಲ್ಲಿ ನಿಂತು ಅವರು ನೇರವಾಗಿಯೇ ಹೇಳಿದರು.

"ರೇವಾಬಾಯಿ, ಬುರಾ ಮತ್ ಮಾನೋ. ಕಾನ್ಪುರ್ ಕಾ ತಯ್ಯಾರ್ ಮಾಲ್ ಮಿಲ್ತಾ ಹೈ ಅಬ್. ಈ ಸಲ ನಿಮ್ಮ ಕೈಯಿಂದ ಆಗಲಿಲ್ಲ ಅಂದರೆ ಮುಂದೆ ಕಾನ್ಪುರದ ಸಿದ್ಧ ಮಾಲನ್ನೇ ತರಿಸ್ತೇನೆ."

ಕೆಟ್ಟದೆಂದುಕೊಳ್ಳುವಂಥದ್ದೇನೂ ಇರಲಿಲ್ಲ. ಅವರು ಹೇಳಿದ್ದು ನಿಜ. ಈ ಒಂದು ಮುಖಪಟ್ಟಿ ಸರಿಯಾಗದಿದ್ದರೆ ರೇವಕ್ಕನ ತಗಡಿನ ಕೋಣೆಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ, ನನಗೆ ಕಲಿಯಲೂ ಏನೂ ಉಳಿಯುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಚರ್ಮ ಕತ್ತರಿಸಿ ಮುಗಿಸುತ್ತಿದ್ದಂತೆ ರೇವಕ್ಕನಿಗೆ ಜ್ವರ ಹಿಡಿಯಿತು. ದೀಪಾವಳಿಯೆಲ್ಲ ಕಂಬಳಿಯೊಳಗೆ. ಹೊಲಿಗೆ ಪೂರ್ತಿ ನನ್ನ ಪಾಲಿಗೆ ಬಂತು. ಮುಖಪಟ್ಟಿಯೆಂದರೆ ಹಣೆಗೊಂದು, ಮೂಗಿಗೊಂದು, ಎರಡು ಕೆನ್ನೆಗೆ ಎರಡು ಪಟ್ಟಿ. ಒಂದು ಕೆನ್ನೆಯ ಪಟ್ಟಿ ಖಾಯಂ ಹೊಲಿಗೆ, ಇನ್ನೊಂದಕ್ಕೆ ಬಕ್ಕಲ್, ಬಿಚ್ಚಿ ಹಾಕಲು. ಯಾವ ಕಡೆ ಬಕ್ಕಲ್ ಎಂದು ಕೇಳಿದೆ. ಕಂಬಳಿಯೊಳಗಿಂದ ಉತ್ತರ ಬಂತು:

"ಹಿಡಿಯೂ ಕಡೀಗೆ ಹಾಕು."

ನಾನು ಮತ್ತೆ ಕೇಳಲಿಲ್ಲ. ಕೇಳುವುದೇನಿದೆ? ಹಿಡಿಯುವ ಕೈ ಬಲಗೈ. ಪ್ರಸಾದ ಹಿಡಿಯುವುದು ಬಲಗೈಯಲ್ಲಿ, ಮದುಮಗಳು ಒಳಗೆ ಬರುವುದು ಬಲಗಾಲಿಟ್ಟು, ಪ್ರದಕ್ಷಿಣೆ ಮಾಡುವುದು ದೇವರನ್ನು ಬಲಕ್ಕಿಟ್ಟುಕೊಂಡು. ಮದುಮಗನನ್ನು ಹೊರುವ ಕುದುರೆಯ ಬಕ್ಕಲನ್ನು ಎಡಕ್ಕೆ ಹಾಕುವುದುಂಟೆ? ಎರಡು ತಿಂಗಳಿನಿಂದ ನನ್ನ ಕೈಗೆ ಬಂದದ್ದೆಲ್ಲ ಬಿಡಿ ಪಟ್ಟಿಗಳು. ಕುದುರೆಗೆ ಅದನ್ನು ತೊಡಿಸುವುದನ್ನು ಹತ್ತಿರ ನಿಂತು ನೋಡಿದವಳೇ ಅಲ್ಲ ನಾನು, ಹೆದರಿಕೆ. ಅಮ್ಮನವರನ್ನು ನೆನೆದು, ಬಲಗೆನ್ನೆಗೆ ಬಕ್ಕಲ್ ಹೊಲಿದೆ. ಅಷ್ಟು ಒಳ್ಳೆಯ ಹೊಲಿಗೆ ಅದುವರೆಗೆ ನಾನು ಹಾಕಿರಲಿಲ್ಲ.

ತುಳಸಿ ಪೂಜೆಗೆ ಮೂರು ದಿನ ಇರುವಾಗ, ಬೆಳಿಗ್ಗೆ, ಚಾಚಾ ಅದನ್ನು ಚಾಂದನಿಗೆ ತೊಡಿಸಿ ನೋಡಿದರು. ಕುದುರೆಯ ಎಡಭಾಗದಲ್ಲಿ ನಿಂತು ತಲೆಯ ಮೇಲಿಂದ ಇಳಿಸಿ, ನೋಡದೆಯೇ ಕೆನ್ನೆಗೆ ಕೈಹಾಕಿದರು. ಕೈಗೆ ಬಕ್ಕಲ್ ಸಿಗಲಿಲ್ಲ. ಬಗ್ಗಿ ನೋಡಿದರು, ಆ ಕಡೆ ಇದೆ. ಸುತ್ತಿಬಂದು ಬಲಕ್ಕೆ ನಿಂತು ಕೈಯೆತ್ತಿದ್ದೇ ತಡ, ಚಾಂದನಿ ಕಣ್ಣು ಬಿಳಿ ಮಾಡಿ ತಲೆ ಕೊಡವಿತು. ಮುಖಪಟ್ಟಿ ಸೆಗಣಿಯಲ್ಲಿ ಹೋಗಿ ಬಿತ್ತು.

ಚಾಚಾ ಬೈಯಲಿಲ್ಲ. ಅದನ್ನು ಎತ್ತಿ ತೊಡೆಗೆ ಒರೆಸಿ ನನ್ನ ಕೈಗಿತ್ತರು. "ಬಹನ್, ಕುದುರೆಯ ಹತ್ತಿರ ಹೋಗುವುದು, ಹಿಡಿಯುವುದು, ಹತ್ತುವುದು ಎಲ್ಲ ಎಡದಿಂದ. ಹುಟ್ಟಿದಾಗಿನಿಂದ ಅದಕ್ಕೆ ಅದೇ ಅಭ್ಯಾಸ. ಬಾಜಾ ಪಟಾಕಿ ನಡುವೆ ನಾನು ಬಲಕ್ಕೆ ಹೋಗಿ ನಿಂತರೆ ದುಲ್ಹಾ ಸೀದಾ ಗಟಾರದಲ್ಲಿ." ಚಾಂದನಿಯ ಕತ್ತು ತಟ್ಟುತ್ತಾ ಹೇಳಿದರು, "ತುಳಸಿ ಲಗ್ನದವರೆಗೆ ಕಾಯ್ತೇನೆ."

ರೇವಕ್ಕ ಕಂಬಳಿಯಿಂದ ಎದ್ದು ಕೂತು ನೋಡಿದಳು.

"ಹಿಡಿಯೂದಂದ್ರ ಕುದರಿ ಹಿಡಿಯೂದವಾ, ಪ್ರಸಾದ ಹಿಡಿಯೂದಲ್ಲ."

ನಾನು ಹೊಲಿಗೆ ಬಿಚ್ಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುತ್ತೇನೆ ಎಂದೆ.

"ಹಾಕು. ಆದ್ರ ಎರಡೂ ಪಟ್ಟಿ ಉದ್ದ ಬ್ಯಾರೆ, ಹಳೀ ತೂತು ಹೊರಗ ಉಳೀತಾವ. ಅರಿವಿ ತೂತ ಮುಚ್ಚಿಕೊಳ್ತೈತಿ, ಚರ್ಮದ ತೂತ ಮುಚ್ಚಿಕೊಳ್ಳೂದಿಲ್ಲ. ಹೊಸಾದು ಕತ್ತರಸಾಕ ನನ್ನ ಕೈಯಾಗ ಶಕ್ತಿ ಇಲ್ಲ." ಮತ್ತೆ ಮಲಗಿ ಮುಖ ಮುಚ್ಚಿಕೊಂಡಳು. "ಮನೀಗೆ ಒಯ್ದು ಮಾಡು. ಇಲ್ಲಿ ಕೂತು ನನ್ನ ಮುಂದ ಅಳಬ್ಯಾಡ."

ನಾನು ಅಳುತ್ತಿರಲಿಲ್ಲ. ತಪ್ಪು ನನ್ನದು, ಅದನ್ನು ಸರಿಮಾಡುವ ಕೈಯೂ ನನ್ನದೇ ಎಂದು ಲೋಕಲಿನಲ್ಲಿ ನಿಂತುಕೊಂಡೇ ನಿಶ್ಚಯಿಸಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಮನೆ ತಲುಪಿದಾಗ ಅತ್ತೆ ಬಾಗಿಲಲ್ಲೇ ಇದ್ದರು. ಕಿಟಕಿಯ ಡಬ್ಬದ ತುಳಸಿಗೆ ನೀರು ಹಾಕುತ್ತಿದ್ದರು.

"ಎಂತ ಅದು ಚೀಲದಲ್ಲಿ?"

"ಕುದುರೆಯ ಮುಖದ್ದು ಅತ್ತೆ. ಚರ್ಮ."

"ಒಳಗೆ ತರ್ಬೇಡ ಅಂತ ಹೇಳಿದ್ದು ಮರೆತುಹೋಯ್ತಾ?"

"ಮರೀಲಿಲ್ಲ. ತಪ್ಪು ಮಾಡಿದ್ದೇನೆ, ಸರಿ ಮಾಡ್ಲಿಕ್ಕುಂಟು. ಇಲ್ಲೇ ಬಾಗಿಲ ಹತ್ರ ಕೂರ್ತೇನೆ."

"ಎಂತ ತಪ್ಪು?"

ಹೇಳಿದೆ. ಅತ್ತೆಯ ಮುಖ ಬದಲಾಯಿತು. ಚೊಂಬು ಕೆಳಗಿಟ್ಟರು.

"ಬಲಕ್ಕೆ ಹಾಕಿದ್ದು ತಪ್ಪಾ? ಮದುಮಗ ಕೂರುವ ಕುದುರೆ ಅಲ್ವಾ ಅದು? ಬಲಕ್ಕೇ ಹಾಕ್ಬೇಕು. ಆ ಜನಕ್ಕೆ ಅಷ್ಟೂ ಗೊತ್ತಿಲ್ವಾ?"

ಐದು ತಿಂಗಳಲ್ಲಿ ಮೊದಲ ಸಲ ಅತ್ತೆ ನನ್ನ ಪಕ್ಷದಲ್ಲಿದ್ದರು, ಅದೂ ನನ್ನ ತಪ್ಪಿನಲ್ಲಿ.

"ಅವರಿಗೆ ಗೊತ್ತುಂಟೋ ಏನೋ, ಕುದುರೆಗೆ ಗೊತ್ತಿಲ್ಲ ಅತ್ತೆ."

ಅವರು ಚೊಂಬು ಎತ್ತಿಕೊಂಡರು. "ಹೌದು. ಅದಕ್ಕೆ ಯಾರು ಹೇಳಿಕೊಟ್ಟಿದ್ದಾರೆ" ಎಂದು ಒಳಗೆ ಹೋದರು. ನಾನು ಹೊಸಿಲಿನ ಹೊರಗೆ ಒಂದು ಗೋಣಿ ಹಾಸಿ ಕೂತೆ.

ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಅದಲುಬದಲು ಮಾಡಿ ಹೊಲಿಯಲು ಮರುದಿನ ಮಧ್ಯಾಹ್ನವಾಯಿತು. ರೇವಕ್ಕ ಹೇಳಿದಂತೆಯೇ ಆಯಿತು. ಎರಡು ಕೆನ್ನೆಯಲ್ಲೂ ಎರಡೆರಡು ಸಾಲು ತೂತುಗಳು ಬಾಯಿ ತೆರೆದುಕೊಂಡು ಉಳಿದವು. ಹಿತ್ತಾಳೆ ಮೊಳೆ ಹೊಡೆದರೆ ಚರ್ಮ ಸೀಳುತ್ತದೆ. ಕವಡೆ ಒಂದೊಂದಾಗಿ ಹೊಲಿದು ನೋಡಿದೆ. ಹಲ್ಲು ಬಿದ್ದ ಬಾಯಿಯಂತೆ ನಡುವೆ ಸಂದಿ. ಬಿಚ್ಚಿದೆ. ಮತ್ತೆ ಹೊಲಿದೆ. ಮತ್ತೆ ಬಿಚ್ಚಿದೆ.

ಅತ್ತೆ ಮಗುವಿಗೆ ಊಟ ಮಾಡಿಸುತ್ತಾ ದೂರದಿಂದ ನೋಡುತ್ತಿದ್ದರು. ಅವರು ಚಿಕ್ಕಂದಿನಿಂದ ಮದುವೆಯಾಗುವವರೆಗೂ ತವರಲ್ಲಿ ಮಲ್ಲಿಗೆ ಕಟ್ಟಿ ಮಾರಾಟಕ್ಕೆ ಕೊಟ್ಟವರು. ಬಾಳೆನಾರಿನಲ್ಲಿ ಎಣಿಸದೆ ಚೆಂಡುಗಟ್ಟಲೆ ಕಟ್ಟುತ್ತಿದ್ದ ಕೈ.

"ಹಾಗೆ ಒಂದೊಂದೇ ಇಟ್ರೆ ಹೂವಿನ ಮಾಲೆಯೂ ಬೋಳು ಕಾಣ್ತದೆ" ಎಂದರು. "ಎರಡು ಆಚೆ, ಎರಡು ಈಚೆ ಮುಖ ಮಾಡಿ ಇಡ್ಬೇಕು. ಮೊಗ್ಗಿನ ಹಾಗೆ."

ನನಗೆ ತಿಳಿಯಲಿಲ್ಲ. ಅವರು ಕೈ ತೊಳೆದು ಬಂದು, ನನ್ನ ಡಬ್ಬದಿಂದ ನಾಲ್ಕು ಕವಡೆ, ಒಂದು ತುಂಡು ದಾರ ತೆಗೆದುಕೊಂಡು ತಮ್ಮ ಮೂಲೆಯಲ್ಲಿ ಕೂತು ಕಟ್ಟಿ ತೋರಿಸಿದರು. ಎರಡು ಕವಡೆಯ ಬಾಯಿ ಆಚೆ, ಎರಡರದು ಈಚೆ, ನಡುವೆ ದಾರ ಒಂದು ಸುತ್ತು ಬಂದು ತನ್ನನ್ನು ತಾನೇ ಕಚ್ಚಿಕೊಳ್ಳುವುದು. ಸಂದಿಯೇ ಇಲ್ಲ. ನಾನು ಅದೇ ಸುತ್ತನ್ನು ಚರ್ಮದ ತೂತುಗಳಲ್ಲಿ ದಾಟಿಸಿದೆ. ಎರಡು ಸಾಲು ತೂತಿಗೆ ಎರಡು ಸಾಲು ಕವಡೆ, ನಡುವೆ ಗಂಟು. ಆದರೆ ಎರಡು ಕೈಯಲ್ಲಿ ಎರಡು ಸೂಜಿ, ಪಟ್ಟಿಯನ್ನು ಬಿಗಿಯಾಗಿ ಹಿಡಿಯಲು ಮೂರನೆಯ ಕೈ ಬೇಕಿತ್ತು. ಮೊಣಕಾಲ ನಡುವೆ ಇಟ್ಟರೆ ಕವಡೆ ಒತ್ತುತ್ತದೆ. ಪಟ್ಟಿ ಜಾರಿತು. ಇನ್ನೊಮ್ಮೆ ಜಾರಿತು.

ಅತ್ತೆ ಎದ್ದುಬಂದು ಎದುರು ಕೂತು, ಪಟ್ಟಿಯ ಆ ತುದಿಯನ್ನು ಹಿಡಿದು ಎಳೆದರು.

"ಬೇಗ ಮಾಡು" ಎಂದರು.

ಒಂದೂವರೆ ಗಂಟೆ ಹಿಡಿದುಕೊಂಡೇ ಇದ್ದರು. ಮುಗಿದ ಮೇಲೆ ಎದ್ದು ಹೋಗಿ, ನಾಳೆಯವರೆಗೆ ಸಾಲಬೇಕಿದ್ದ ನೀರಿನಲ್ಲಿ ಎರಡು ಬಕೆಟ್ ಸುರಿದುಕೊಂಡು ತಲೆಗೆ ಮಿಂದು ಬಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅವರ ಕ್ರಮ ಅವರದು. ನಾನು ಆ ಸ್ನಾನವನ್ನೂ ದಯೆಯ ಲೆಕ್ಕಕ್ಕೇ ಸೇರಿಸಿದೆ.

ಮರುದಿನ ಕಲ್ಯಾಣದಲ್ಲಿ ಚಾಚಾ ಚಾಂದನಿಯ ಎಡಕ್ಕೆ ನಿಂತು, ತಲೆಯ ಮೇಲಿಂದ ಇಳಿಸಿ, ನೋಡದೆಯೇ ಕೈಹಾಕಿದರು. ಟಕ್ಕೆಂದು ಬಕ್ಕಲ್ ಕೂತಿತು. ಚಾಂದನಿ ಬೂಸಾ ತಿನ್ನುವುದನ್ನು ನಿಲ್ಲಿಸಲೂ ಇಲ್ಲ. ಕೆನ್ನೆಯ ಮೇಲಿನ ಕವಡೆ ಸಾಲನ್ನು ಅವರು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಅಲುಗಲಿಲ್ಲ. "ಎದೆಪಟ್ಟಿಗೂ ಇದೇ ಹಾಕಿ" ಎಂದರು. ರೇವಕ್ಕನ ಕಡೆ ತಿರುಗಿ, "ಕಾನ್ಪುರ್ ದೂರ್ ಹೈ" ಎಂದು ಹೋದರು.

ರೇವಕ್ಕನಿಗೆ ಅಂದು ಜ್ವರ ಇಳಿದಿತ್ತು. ಮುಖಪಟ್ಟಿಯನ್ನು ತೊಡೆಯ ಮೇಲೆ ಬೋರಲು ಹಾಕಿ ಹಿಂಬದಿಯನ್ನು ಬಹಳ ಹೊತ್ತು ನೋಡಿದಳು.

"ಈ ಗಂಟು ನಾ ಕಲಿಸಿಲ್ಲ. ಯಾರ್ದು?"

"ನಮ್ಮ ಅತ್ತೇದು. ಮಲ್ಲಿಗೆ ಕಟ್ಟುವ ಗಂಟು."

"ಚರ್ಮ ಮುಟ್ಟೂದಿಲ್ಲ ಅಂತಿದ್ರಲ್ಲ?"

"ಹಿಡ್ಕೊಂಡ್ರು. ಆಮೇಲೆ ಮಿಂದ್ರು."

ರೇವಕ್ಕ ನಕ್ಕಳು, ಲೋಕಲಿನಲ್ಲಿ ನಕ್ಕ ಹಾಗಲ್ಲ, ಮೆಲ್ಲಗೆ. "ಮೀಯಲಿ. ಹಿಡಿದ್ರಲ್ಲ" ಎಂದಳು. ಆಮೇಲೆ ಎದೆಪಟ್ಟಿಯ ಚರ್ಮವನ್ನು ಹಲಗೆಯ ಮೇಲೆ ಹರವಿ, ರಾಪಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿ ಇಟ್ಟಳು. "ಗುರುವಾರ ಬಾ. ನೀನ ಕತ್ತರಸು."

ನಾನು ಹೂಂ ಅಂದೆ. ಆದರೆ ಗುರುವಾರ ತುಳಸಿ ಪೂಜೆಯ ಮರುದಿನ. ಅತ್ತೆಗೆ ಕೊಟ್ಟ ಮಾತಿನ ಗಡಿ ಅದು. ರೇವಕ್ಕನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ತುಳಸಿ ಪೂಜೆ ಮುಗಿಯಿತು. ಕಬ್ಬು ಕಟ್ಟಿ, ನೆಲ್ಲಿಕೊಂಬೆ ಇಟ್ಟು, ಆರತಿ ಎತ್ತಿದೆವು. ಅತ್ತೆ ಗಡಿಯ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕೊಟ್ಟ ಮಾತು ಮಾತೇ. ಗುರುವಾರ ಬೆಳಿಗ್ಗೆ ನಮ್ಮವರನ್ನು ಕಳಿಸಿ, ಪಾತ್ರೆ ತೊಳೆದು, ಮಗಳ ಜಡೆ ಹೆಣೆದು, ಒಗೆಯಲು ಬಟ್ಟೆ ರಾಶಿ ಹಾಕಿಕೊಂಡು ಕೂತೆ. ರಾಪಿ ಹಲಗೆಯ ಮೇಲೆ ಕಾಯುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಅಮ್ಮನವರ ಪಟದ ಕಡೆ ನೋಡಲಿಲ್ಲ. ಕೊಟ್ಟಷ್ಟು ದಿನ ಕೊಟ್ಟಳು, ಇನ್ನೂ ಬೇಕು ಅನ್ನುವುದು ಹೇಗೆ?

ಅತ್ತೆ ಜಪ ಮುಗಿಸಿ ಎದ್ದರು. ಮಾಡಿನ ಕೆಳಗಿನ ಮೊಳೆಯಿಂದ ನನ್ನ ಚೀಲ ತೆಗೆದು, ಅದರೊಳಗೆ ಟಿಫಿನ್ ಡಬ್ಬ ಇಟ್ಟು, ನನ್ನ ಮುಂದೆ ತಂದಿಟ್ಟರು.

"ಬಟ್ಟೆ ನಾನು ಒಗೀತೇನೆ. ಎಂಟೂ ಹತ್ತರ ಗಾಡಿ ತಪ್ಪಿದ್ರೆ ನಿನಗೆ ಕೂರ್ಲಿಕ್ಕೆ ಜಾಗ ಸಿಗುದಿಲ್ಲ" ಎಂದರು.

ಹೋದೆ. ಹಾಗೆ ಒಂಬತ್ತು ವರ್ಷ ಹೋದೆ.